ಮ್ಯೂಸಿಯಂನಲ್ಲಿ ಕೈಸನ್ನೆ: ದುರ್ಗಕ್ಕೆ ಬೇಕಾದದ್ದು ಎಂಥ ಪರದೆ?

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಬಂಡೆ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಇಷ್ಟನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಆದರೆ ಶಾಸನದ ತುದಿಯಲ್ಲಿರುವ ಒಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ, ಎಡದಿಂದ ಬಲಕ್ಕೆ ಸಾಗುತ್ತದೆ. ಕೊನೆಗೆ ಬರೆದವನು ತನ್ನ ಹೆಸರು ಹೇಳುತ್ತಾನೆ: ಚಪಡ. ಅದರ ಜೊತೆಗೆ, ತಾನು ಲಿಪಿಕಾರ ಎಂದು ಹೇಳುವ ಆ ಒಂದೇ ಒಂದು ಪದವನ್ನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಹೋಗುವ ಲಿಪಿ. ಅದು ನಡೆಯುತ್ತಿದ್ದದ್ದು ಇಂದಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ. ಅಂದರೆ ಈ ಚಪಡ ಅಲ್ಲಿ ಬರವಣಿಗೆ ಕಲಿತವನಿರಬೇಕು. ಸಾವಿರಕ್ಕೂ ಹೆಚ್ಚು ಮೈಲಿ ದಾಟಿ ನಮ್ಮ ಬಯಲುಸೀಮೆಗೆ ಬಂದು, ರಾಜನ ಮಾತನ್ನೆಲ್ಲ ಬರೆದು ಮುಗಿಸಿ, ಕೊನೆಗೆ ತನ್ನ ಕೈಗೆ ರೂಢಿಯಾದ ದಿಕ್ಕಿಗೆ ತಿರುಗಿದ.

ಇದನ್ನು ಫಲಕದಲ್ಲಿ ಬರೆದು ಹಾಕಬಹುದು. ಓದುವವರು ಕಡಿಮೆ. ಅದೇ ಎಂಟನೇ ಕ್ಲಾಸಿನ ಹುಡುಗಿ ತನ್ನ ಬೆರಳನ್ನೇ ಎಡದಿಂದ ಬಲಕ್ಕೆ ಆಡಿಸುತ್ತಾ ಬಂದು, ಕೊನೆಯ ಪದಕ್ಕೆ ಥಟ್ಟನೆ ಬಲದಿಂದ ಎಡಕ್ಕೆ ತಿರುಗಬೇಕಾಗಿ ಬಂದರೆ? ಅವಳ ಕೈಗೇ ಗೊತ್ತಾಗುತ್ತದೆ, ಇಲ್ಲೇನೋ ಬದಲಾಯಿತು ಅಂತ. ಕೈಸನ್ನೆಯಿಂದ ನಡೆಯುವ ತಂತ್ರಜ್ಞಾನಕ್ಕೆ ಮ್ಯೂಸಿಯಂನಲ್ಲಿ ನಿಜವಾದ ಕೆಲಸ ಇರುವುದು ಇಂಥ ಕಡೆ.

ಈ ಮಾತು ಈಗ ಆಡಬೇಕಾದ ಕಾರಣ ಇದೆ. ದೇಶದಲ್ಲಿ ಮ್ಯೂಸಿಯಂ ಸುಧಾರಣೆ ಅಂದ ಕೂಡಲೇ ದೊಡ್ಡ ಪರದೆ, ಹೊಲೊಗ್ರಾಮ್, ಕೈ ಬೀಸಿದರೆ ತಿರುಗುವ ಚಿತ್ರ ಎನ್ನುವ ಕಲ್ಪನೆ ಬಂದುಬಿಟ್ಟಿದೆ. ದೆಹಲಿಯಲ್ಲಿ 2022ರಲ್ಲಿ ಶುರುವಾದ ಪ್ರಧಾನಮಂತ್ರಿ ಸಂಗ್ರಹಾಲಯ ಇದೇ ದಾರಿಯಲ್ಲಿದೆ. 2023ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ಮ್ಯಾಪ್ ಕಲಾ ಮ್ಯೂಸಿಯಂನಲ್ಲೂ ಡಿಜಿಟಲ್ ಪ್ರಯೋಗಗಳಿವೆ. ಕೊರೊನಾ ಬಂದ ಮೇಲೆ ಎಲ್ಲರೂ ಮುಟ್ಟುವ ಟಚ್ ಸ್ಕ್ರೀನ್ ಬಗ್ಗೆ ಜನಕ್ಕೆ ಅಳುಕು ಹುಟ್ಟಿತು. ಮುಟ್ಟದೆ ನಡೆಯುವ ಯಂತ್ರಗಳಿಗೆ ಬೇಡಿಕೆ ಜಾಸ್ತಿಯಾಯಿತು. ಇವತ್ತಲ್ಲ ನಾಳೆ ಜಿಲ್ಲಾ ಕೇಂದ್ರದ ಸಣ್ಣ ಮ್ಯೂಸಿಯಂಗಳಿಗೂ ಇವು ಬರುತ್ತವೆ. ಚಿತ್ರದುರ್ಗದ ರಂಗಯ್ಯನ ಬಾಗಿಲ ಬಳಿಯ ಸರ್ಕಾರಿ ಮ್ಯೂಸಿಯಂಗೂ ಬರಬಹುದು. ಬರುವ ಮೊದಲೇ ಏನು ಬೇಕು, ಏನು ಬೇಡ ಅಂತ ಮಾತಾಡಿಕೊಳ್ಳುವುದು ಒಳ್ಳೆಯದು.

ನನ್ನ ನಿಲುವನ್ನು ನೇರವಾಗಿ ಹೇಳುತ್ತೇನೆ. ಕೈಸನ್ನೆ ತಂತ್ರಜ್ಞಾನ ಬೇಕು. ಆದರೆ ಪುಟ ತಿರುವುವುದಕ್ಕಲ್ಲ, ಮೆನು ಒತ್ತುವುದಕ್ಕಲ್ಲ. ನೋಡುಗರ ಕೈ ಮಾಡುವ ಚಲನೆಯಲ್ಲೇ ಆ ವಸ್ತುವಿನ ತಿಳಿವಳಿಕೆ ಅಡಗಿರಬೇಕು. ಹಾಗಿಲ್ಲದಿದ್ದರೆ ಆ ದುಡ್ಡಿಗೆ ನಾಲ್ಕು ಒಳ್ಳೆಯ ದೀಪ, ಓದಲು ಬರುವಂಥ ಕನ್ನಡ ಫಲಕ ಹಾಕಿಸುವುದೇ ಮೇಲು.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ನೋಡೋಣ. ಯಂತ್ರಕ್ಕೆ ಕೈ ಕಾಣಿಸಬೇಕು, ಅಷ್ಟೇ. ಅದಕ್ಕೆ ಎರಡು ದಾರಿ. ಒಂದು, ದೂರ ಅಳೆಯುವ ಕ್ಯಾಮೆರಾ. 2010ರಲ್ಲಿ ಮೈಕ್ರೋಸಾಫ್ಟ್ ತಂದ ಕಿನೆಕ್ಟ್ ಈ ಬಗೆಯದು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕಿಗಳನ್ನು ಅದು ಎದುರಿಗೆ ಚೆಲ್ಲುತ್ತದೆ. ಮೈಮೇಲೆ ಬಿದ್ದ ಚುಕ್ಕಿಗಳು ಎಷ್ಟು ಸರಿದವು ಎನ್ನುವುದರಿಂದ ಯಾವ ಭಾಗ ಎಷ್ಟು ದೂರ ಇದೆ ಅಂತ ಲೆಕ್ಕ ಹಾಕುತ್ತದೆ. ಇನ್ನೊಂದು ದಾರಿ, ಸಾಮಾನ್ಯ ವೆಬ್‌ಕ್ಯಾಮ್. ಅದರ ಚಿತ್ರ ನೋಡಿ ಕೈ ಎಲ್ಲಿದೆ ಅಂತ ಸಾಫ್ಟ್‌ವೇರ್ ಪತ್ತೆ ಮಾಡುತ್ತದೆ. ಗೂಗಲ್ 2019ರಲ್ಲಿ ಉಚಿತವಾಗಿ ಬಿಟ್ಟ ಮೀಡಿಯಾಪೈಪ್ ಹೀಗೆ ಒಂದು ಕೈಯಲ್ಲಿ 21 ಬಿಂದುಗಳನ್ನು ಗುರುತಿಸುತ್ತದೆ: ಮಣಿಕಟ್ಟಿಗೆ ಒಂದು, ಒಂದೊಂದು ಬೆರಳಿಗೆ ನಾಲ್ಕು. ಆ ಬಿಂದುಗಳು ಹೇಗೆ ಸರಿಯುತ್ತಿವೆ ಎನ್ನುವುದೇ ಸನ್ನೆ. ಹೆಬ್ಬೆರಳ ತುದಿ ತೋರುಬೆರಳ ತುದಿಗೆ ತಾಗಿದರೆ ಚಿಟಿಕೆ, ಬಿಂದುಗಳೆಲ್ಲ ಹರಡಿದ್ದರೆ ಅಂಗೈ ತೆರೆದಿದೆ ಅಂತ ಅರ್ಥ.

ಎರಡನೇ ದಾರಿ ಸಣ್ಣ ಮ್ಯೂಸಿಯಂಗಳಿಗೆ ವರ. ಎರಡು-ಮೂರು ಸಾವಿರ ರೂಪಾಯಿಯ ಕ್ಯಾಮೆರಾ, ಒಂದು ಸಾಧಾರಣ ಕಂಪ್ಯೂಟರ್ ಸಾಕು. ಕ್ಯಾಮೆರಾ ಕೆಟ್ಟರೆ ದಾವಣಗೆರೆಯ ಯಾವ ಅಂಗಡಿಯಲ್ಲಾದರೂ ಇನ್ನೊಂದು ಸಿಗುತ್ತದೆ. ಮೊದಲನೇ ದಾರಿ ಹಿಡಿದವರ ಪಾಡು ಬೇರೆ. ಕಿನೆಕ್ಟ್ ತಯಾರಿಕೆ 2017ರಲ್ಲಿ ನಿಂತಿತು. ಅದರ ಬದಲಿಗೆ 2019ರಲ್ಲಿ ಬಂದ ಅಜೂರ್ ಕಿನೆಕ್ಟ್ ಕೂಡ 2023ರಲ್ಲಿ ನಿಂತಿತು. ಅದನ್ನೇ ನಂಬಿ ಕಟ್ಟಿದ ಪ್ರದರ್ಶನಗಳಿಗೆ ಬಿಡಿಭಾಗ ಹುಡುಕುವುದೇ ಒಂದು ಕೆಲಸ. ಶತಮಾನಗಳ ವಸ್ತುಗಳನ್ನು ಕಾಯುವ ಜಾಗದಲ್ಲಿ ಏಳು ವರ್ಷಕ್ಕೆ ಹಳೆಯದಾಗುವ ಯಂತ್ರ ಇಡುತ್ತಿದ್ದೇವೆ ಎನ್ನುವುದನ್ನು ಖರೀದಿಗೆ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ಮಿತಿ ನಮ್ಮ ಬಿಸಿಲು. ಸೂರ್ಯನ ಬೆಳಕಿನಲ್ಲೂ ಇನ್‌ಫ್ರಾರೆಡ್ ಇರುತ್ತದೆ. ದುರ್ಗದ ಕಲ್ಲಿನ ಮೇಲೆ ಮಧ್ಯಾಹ್ನ ಬೀಳುವ ಬಿಸಿಲಿನಲ್ಲಿ ದೂರ ಅಳೆಯುವ ಕ್ಯಾಮೆರಾಗೆ ಕಣ್ಣು ಕತ್ತಲೆ ಕಟ್ಟುತ್ತದೆ. ಕೋಟೆ ಮೇಲೆ ಇವನ್ನೆಲ್ಲ ಇಡುವ ಯೋಚನೆ ಆದ್ದರಿಂದಲೇ ಬೇಡ. ಅದೂ ಅಲ್ಲದೆ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಏನಿದ್ದರೂ ಈಗಿರುವ ಮ್ಯೂಸಿಯಂನ ಒಳಗೆ, ನೆರಳಲ್ಲಿ ಮಾಡಬೇಕು.

ತಂತ್ರಕ್ಕಿಂತ ಕಷ್ಟದ ತೊಡಕು ಬೇರೆ ಇದೆ. ಮನುಷ್ಯ ಸುಮ್ನೆ ಕೈ ಆಡಿಸುತ್ತಲೇ ಇರುತ್ತಾನೆ. ಪಕ್ಕದವರಿಗೆ ಏನೋ ತೋರಿಸುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ. ವಿಗ್ರಹ ಕಂಡರೆ ಕೈಮುಗಿಯುತ್ತಾನೆ. ಇದರಲ್ಲಿ ಯಾವುದು ಆಜ್ಞೆ, ಯಾವುದು ಅಲ್ಲ? ಭಸ್ಮಾಸುರ ತನ್ನ ಕೈಯ ಶಕ್ತಿ ಮರೆತು ಮೋಹಿನಿಯ ಜೊತೆ ಕುಣಿಯುತ್ತಾ ತಲೆ ಮೇಲೆ ಕೈ ಇಟ್ಟುಕೊಂಡ ಹಾಗೆ, ಇಲ್ಲಿ ಬೇಕಿಲ್ಲದ ಸನ್ನೆಗೂ ಫಲ ಸಿಕ್ಕಿಬಿಡುತ್ತದೆ. ತಜ್ಞರು ಇದಕ್ಕೆ ಕಂಡುಕೊಂಡ ಉಪಾಯ ಸರಳ: ಶುರು ಮಾಡಲು ಒಂದು ಸ್ಪಷ್ಟ ಸನ್ನೆ, ಮುಗಿಸಲು ಒಂದು ಸ್ಪಷ್ಟ ಸನ್ನೆ. ಯಂತ್ರಕ್ಕೆ ನಿಮ್ಮ ಕೈ ಕಂಡಿದೆ ಎನ್ನುವುದೂ ಪರದೆಯಲ್ಲಿ ತಕ್ಷಣ ಕಾಣಬೇಕು. ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತಡವಾದರೆ ಜನ ಅನುಮಾನಪಟ್ಟು ಇನ್ನೂ ಜೋರಾಗಿ ಬೀಸುತ್ತಾರೆ, ಆಗ ಎಲ್ಲ ಕಲಸುಮೇಲೋಗರ. ತೋಳೆತ್ತಿ ಬೀಸುವ ಸನ್ನೆ ಆದರೆ ಒಂದೇ ನಿಮಿಷಕ್ಕೆ ಭುಜ ನೋಯುತ್ತದೆ. ವಯಸ್ಸಾದವರಿಗಂತೂ ಆಗದ ಮಾತು.

ಹೊರಗಿನ ಅನುಭವ ಏನು ಹೇಳುತ್ತದೆ? ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾ ಮ್ಯೂಸಿಯಂ 2013ರಲ್ಲಿ ಒಂದು ಗ್ಯಾಲರಿ ತೆರೆಯಿತು. ಶಿಲ್ಪದ ಚಿತ್ರ ಪರದೆಯಲ್ಲಿ ಬರುತ್ತದೆ, ನೀವು ಅದೇ ಭಂಗಿಯಲ್ಲಿ ನಿಲ್ಲಬೇಕು. ಎಷ್ಟು ಹೊಂದಿತು ಅಂತ ಯಂತ್ರ ಹೇಳುತ್ತದೆ. 2017ರಲ್ಲಿ ಆ ಗ್ಯಾಲರಿಗೆ ಹೊಸ ರೂಪ ಕೊಟ್ಟಾಗ ಮುಟ್ಟುವ ಪರದೆ ಕಡಿಮೆ ಮಾಡಿ ಮೈಕೈ ಚಲನೆಗೆ ಸ್ಪಂದಿಸುವ ಆಟಗಳನ್ನು ಹೆಚ್ಚು ಮಾಡಿದರು. ಈ ಭಂಗಿಯ ಆಟ ನನಗೆ ಇಷ್ಟವಾಗುವುದು ಯಾಕೆಂದರೆ ಅಲ್ಲಿ ಸನ್ನೆಯೇ ವಿಷಯ. ಸೊಂಟ ಎಷ್ಟು ಬಾಗಿದೆ, ಭಾರ ಯಾವ ಕಾಲ ಮೇಲಿದೆ ಅಂತ ನಿಂತು ನೋಡಿದಾಗಲೇ ಶಿಲ್ಪಿಯ ಕಷ್ಟ ಗೊತ್ತಾಗೋದು.

ಆದರೆ ಅದನ್ನೇ ತಂದು ಇಲ್ಲಿ ಇಡಲಾಗದು. ನಮ್ಮ ಜಿಲ್ಲೆಯ ಊರೂರಲ್ಲಿ ವೀರಗಲ್ಲು ಇವೆ, ಮಾಸ್ತಿಗಲ್ಲು ಇವೆ. ಮಾಸ್ತಿಗಲ್ಲಿನ ಗುರುತೇ ಬಳೆ ತೊಟ್ಟ, ಮೇಲೆತ್ತಿದ ಒಂದು ತೋಳು. ಗಂಡನ ಚಿತೆ ಏರಿದ ಹೆಣ್ಣಿನ ತೋಳು ಅದು. ‘ಈ ಭಂಗಿಯಲ್ಲಿ ನಿಲ್ಲಿ, ಅಂಕ ಗಳಿಸಿ’ ಅಂತ ಯಾವ ಮಗುವಿಗೂ ಹೇಳಬಾರದು. ಕ್ಯಾಮೆರಾಗೆ ಅದು ಮೊಣಕೈ ಮಡಿಸಿದ ಕೋನ ಮಾತ್ರ. ಆ ಕಲ್ಲಿನ ಮುಂದೆ ಕೈ ಸುಮ್ಮನಿರಬೇಕು ಅಂತ ತೀರ್ಮಾನಿಸಬೇಕಾದವರು ನಾವು.

ಒನಕೆ ಓಬವ್ವನ ವಿಷಯಕ್ಕೂ ಇದೇ ಮಾತು. ಕೈಸನ್ನೆ ಯಂತ್ರ ಮಾರಲು ಬಂದ ಯಾರಿಗೇ ಆದರೂ ದುರ್ಗದಲ್ಲಿ ಮೊದಲು ಹೊಳೆಯುವುದು ಇದು: ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಬರುತ್ತಾರೆ, ನೀವು ಕೈ ಬೀಸಿ ಹೊಡೆಯಿರಿ. ಮಕ್ಕಳು ಮುಗಿಬೀಳುತ್ತಾರೆ, ಅನುಮಾನ ಇಲ್ಲ. ಅದರಿಂದ ಏನು ಕಲಿತರು? ನೀರಿಗೆ ಹೋದ ಹೆಂಗಸು ಶಬ್ದ ಕೇಳಿ ನಿಂತದ್ದು, ಊಟಕ್ಕೆ ಕೂತ ಗಂಡನನ್ನು ಎಬ್ಬಿಸದೆ ಒನಕೆ ಎತ್ತಿಕೊಂಡದ್ದು, ಆ ಒಂದು ಗಳಿಗೆಯ ತೀರ್ಮಾನ ಆಟದಲ್ಲಿ ಉಳಿಯುವುದಿಲ್ಲ. ಎಣಿಕೆ ಮಾತ್ರ ಉಳಿಯುತ್ತದೆ. ಅದೂ ಅಲ್ಲದೆ ಆ ಕಿಂಡಿ ಕೋಟೆಯಲ್ಲಿ ಇವತ್ತಿಗೂ ಇದೆ. ಬಂದವರು ಬೆನ್ನು ಬಗ್ಗಿಸಿ, ಭುಜ ಓರೆ ಮಾಡಿಕೊಂಡು ಅದರಲ್ಲಿ ನುಸುಳಿ ನೋಡುತ್ತಾರೆ. ಒಬ್ಬರಿಗಿಂತ ಜಾಸ್ತಿ ಜನ ಯಾಕೆ ಒಟ್ಟಿಗೆ ಬರಲಾಗಲಿಲ್ಲ ಅಂತ ಅವರ ಮೈಗೇ ತಿಳಿಯುತ್ತದೆ. ಅಲ್ಲಿ ಯಾವ ಸೆನ್ಸರ್‌ಗೂ ಕೆಲಸ ಇಲ್ಲ.

ಹಾಗಾದರೆ ಎಲ್ಲಿ ಕೆಲಸ ಇದೆ? ನೀರಿನಲ್ಲಿ.

ದುರ್ಗದ ಕೋಟೆಯ ನಿಜವಾದ ಜಾಣತನ ಏಳು ಸುತ್ತಿನ ಗೋಡೆಯಷ್ಟೇ ಅದರ ಹೊಂಡಗಳಲ್ಲೂ ಇದೆ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಕೆಳಗೆ ಪೇಟೆಯಲ್ಲಿ ಸಂತೆ ಹೊಂಡ. ಒಂದೊಂದು ಒಂದೊಂದು ಎತ್ತರದಲ್ಲಿ. ಬಂಡೆ ಮೇಲೆ ಬಿದ್ದ ಮಳೆ ಹರಿದು ಬಂದು ಮೇಲಿನದು ತುಂಬಿದ ಮೇಲೆ ಕೆಳಗಿನದಕ್ಕೆ ಇಳಿಯಬೇಕು. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ಮುತ್ತಿಗೆ ಬಿದ್ದ ಕೋಟೆ ತಿಂಗಳುಗಟ್ಟಲೆ ತಾಳಿಕೊಂಡದ್ದರ ಹಿಂದೆ ಈ ನೀರು ಇದೆ. ಕೋಟೆ ಹತ್ತಿದವರು ಹೊಂಡಗಳನ್ನು ಬಿಡಿಬಿಡಿಯಾಗಿ ನೋಡುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ಅವುಗಳ ನಡುವಿನ ಸಂಬಂಧ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ಬಂದರಂತೂ ಹರಿವೇ ಇರುವುದಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ 2012ರ ಸುಮಾರಿಗೆ ಒಂದು ಮರಳಿನ ಪೆಟ್ಟಿಗೆ ತಯಾರಾಯಿತು. ಮೇಜಿನೆತ್ತರದ ಪೆಟ್ಟಿಗೆ, ಅದರ ತುಂಬ ನಿಜವಾದ ಮರಳು. ಮೇಲೆ ದೂರ ಅಳೆಯುವ ಕ್ಯಾಮೆರಾ, ಪಕ್ಕದಲ್ಲಿ ಪ್ರೊಜೆಕ್ಟರ್. ಮರಳನ್ನು ಗುಡ್ಡೆ ಮಾಡಿದರೆ ಅದರ ಮೇಲೆ ಎತ್ತರದ ಗೆರೆಗಳು, ಬಣ್ಣಗಳು ತಾವಾಗಿ ಮೂಡುತ್ತವೆ. ಮರಳಿನ ಮೇಲೆ ಸ್ವಲ್ಪ ಎತ್ತರದಲ್ಲಿ ಅಂಗೈ ಚಾಚಿ ಹಿಡಿದರೆ ಕೈಯ ಕೆಳಗೆ ಮಳೆ ಸುರಿಯುತ್ತದೆ. ಬೆಳಕಿನ ನೀರು ಇಳಿಜಾರು ಹುಡುಕಿಕೊಂಡು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಸಾಫ್ಟ್‌ವೇರನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಜಗತ್ತಿನ ಎಷ್ಟೋ ಶಾಲೆ, ವಿಜ್ಞಾನ ಕೇಂದ್ರಗಳಲ್ಲಿ ಇದನ್ನು ಕಟ್ಟಿಕೊಂಡಿದ್ದಾರೆ.

ಈಗ ಆ ಪೆಟ್ಟಿಗೆಯ ತಳದಲ್ಲಿ ದುರ್ಗದ ಬೆಟ್ಟದ ಗಟ್ಟಿ ಅಚ್ಚು ಇದೆ ಅಂದುಕೊಳ್ಳಿ. ಹೊಂಡಗಳ ತಗ್ಗು, ನಡುವಿನ ಕಾಲುವೆ ಎಲ್ಲ ಇರುವ ಹಾಗೇ ಇದೆ, ಮೇಲೆ ತೆಳುವಾಗಿ ಮರಳು. ಮಗು ಬೆಟ್ಟದ ನೆತ್ತಿ ಮೇಲೆ ಅಂಗೈ ಹಿಡಿಯುತ್ತದೆ. ಮಳೆ. ಮೊದಲು ಮೇಲಿನ ಹೊಂಡ ತುಂಬುತ್ತದೆ. ತುಂಬಿ ಕೋಡಿ ಬೀಳುತ್ತದೆ. ನೀರು ಕೆಳಗಿಳಿಯುತ್ತದೆ. ಇನ್ನೊಬ್ಬ ನಡುವೆ ಬೆರಳಿಂದ ಮರಳು ಒತ್ತರಿಸಿ ದಾರಿ ಮುಚ್ಚುತ್ತಾನೆ. ಕೆಳಗಿನ ಹೊಂಡ ಒಣಗಿಯೇ ಉಳಿಯುತ್ತದೆ. ‘ಏಯ್, ಕೈ ತೆಗಿಯೋ, ನೀರು ಬರ್ತಿಲ್ಲ!’ ಅಂತ ಆಚೆ ಬದಿಯವರು ಕೂಗುತ್ತಾರೆ. ರಾಜಕಾಲುವೆ ಒತ್ತುವರಿ ಅಂದರೆ ಏನು ಅಂತ ಆ ಮಕ್ಕಳಿಗೆ ಬೇರೆ ಪಾಠ ಬೇಕಿಲ್ಲ. ಪೆಟ್ಟಿಗೆಯ ಪಕ್ಕದಲ್ಲೇ ಚಂದ್ರವಳ್ಳಿಯ ಮಯೂರಶರ್ಮನ ಶಾಸನದ ಅಚ್ಚು ಇಡಬಹುದು. 1929ರಲ್ಲಿ ಎಂ.ಎಚ್. ಕೃಷ್ಣ ಓದಿದ ಆ ಪ್ರಾಕೃತ ಶಾಸನ ಹೇಳುವುದೂ ಕೆರೆಯ ಕೆಲಸವನ್ನೇ. ಅದರಾಚೆ 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟಿನ ಚಿತ್ರ. ಕದಂಬರಿಂದ ಮೈಸೂರು ಅರಸರವರೆಗೆ ಈ ನಾಡು ನೀರನ್ನು ಹೇಗೆ ಹಿಡಿದಿಟ್ಟುಕೊಂಡಿತು ಅನ್ನೋದು ಒಂದೇ ಕೋಣೆಯಲ್ಲಿ ಕಾಣುತ್ತದೆ.

ಈ ಪೆಟ್ಟಿಗೆಯ ಇನ್ನೊಂದು ಗುಣ, ಸುತ್ತ ಎಂಟು-ಹತ್ತು ಮಕ್ಕಳು ನಿಲ್ಲಬಹುದು. ಡಿಸೆಂಬರ್ ಬಂತೆಂದರೆ ದುರ್ಗಕ್ಕೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಒಂದು ಬಸ್ಸಿನಲ್ಲಿ ಐವತ್ತು ಅರವತ್ತು ಮಕ್ಕಳು, ಮೇಷ್ಟ್ರಿಗೆ ಹೊತ್ತಾಗುತ್ತದೆಂಬ ಗಾಬರಿ. ಒಬ್ಬೊಬ್ಬರೇ ನಿಂತು ಆಡುವ ಯಂತ್ರ ಇಟ್ಟರೆ ನಾಲ್ಕು ಜೋರಿನ ಹುಡುಗರಿಗೆ ಮಾತ್ರ ಸಿಗುತ್ತದೆ, ಹಿಂದೆ ನಿಂತ ಹೆಣ್ಣುಮಕ್ಕಳಿಗೆ ಇಲ್ಲ. ಮರಳು, ದೂಳು ಹಳೆಯ ವಸ್ತುಗಳಿಗೆ ಒಳ್ಳೆಯದಲ್ಲ, ಹಾಗಾಗಿ ಬೇರೆ ಕೋಣೆ ಬೇಕು. ಕಿನೆಕ್ಟ್ ಬದಲಿಗೆ ಈಗ ಸಿಗುವ ಬೇರೆ ಕ್ಯಾಮೆರಾ ಆ ಸಾಫ್ಟ್‌ವೇರ್‌ಗೆ ಹೊಂದುತ್ತದಾ ಎಂದು ಕೊಳ್ಳುವ ಮೊದಲೇ ಪರೀಕ್ಷಿಸಬೇಕು.

ಎರಡನೆಯದು ಚಪಡನ ಅಕ್ಷರ. ಅಶೋಕನ ಕಾಲದ ಬ್ರಾಹ್ಮಿಯ ‘ಕ’ ಎಂದರೆ ಗಣಿತದ ಕೂಡುವ ಚಿಹ್ನೆ, ಎರಡೇ ಗೆರೆ. ‘ಗ’ ಮನೆಯ ಮಾಡಿನ ಹಾಗೆ ಎರಡು ಓರೆ ಗೆರೆ. ‘ಠ’ ಬರೀ ಒಂದು ಸೊನ್ನೆ. ವೆಬ್‌ಕ್ಯಾಮ್ ಮುಂದೆ ಚಿಟಿಕೆ ಹಿಡಿದು ಬರೆದರೆ ಪರದೆಯ ಬಂಡೆ ಮೇಲೆ ಗೆರೆ ಬೀಳುತ್ತದೆ, ಚಿಟಿಕೆ ಬಿಟ್ಟರೆ ಗೆರೆ ನಿಲ್ಲುತ್ತದೆ. ಶುರುವಿಗೊಂದು ಮುಕ್ತಾಯಕ್ಕೊಂದು ಸನ್ನೆ ಬೇಕು ಅಂದೆವಲ್ಲ, ಇಲ್ಲಿ ಅದು ಲೇಖನಿ ಹಿಡಿಯುವ ಸನ್ನೆಯೇ ಆಗಿಬಿಡುತ್ತದೆ. ಬರೆದ ‘ಕ’ ನಿಧಾನವಾಗಿ ಕದಂಬರ, ಚಾಲುಕ್ಯರ, ಹೊಯ್ಸಳರ ಕಾಲದ ರೂಪಗಳನ್ನು ದಾಟಿ ಇವತ್ತಿನ ಕನ್ನಡದ ‘ಕ’ ಆಗುವುದನ್ನು ತೋರಿಸಬಹುದು. ಪರದೆ ಮಾತ್ರ ಗೋಡೆಗೆ ಬೇಡ. ಸೊಂಟದೆತ್ತರದ ಮೇಜಿನಲ್ಲಿ ಇರಲಿ. ಮೊಣಕೈ ಊರಿಕೊಂಡು ಬೆರಳಷ್ಟೇ ಆಡಿಸಿದರೆ ಭುಜವೂ ನೋಯದು, ನಾಲ್ಕು ಜನರ ಮುಂದೆ ತೋಳು ಬೀಸಲು ನಾಚುವ ಹೆಂಗಸರೂ ಮುಂದೆ ಬರುತ್ತಾರೆ. ಮೇಜಿನಿಂದ ತಲೆ ಎತ್ತಿದರೆ ಎದುರಿಗೇ ಶಾಸನದ ಅಚ್ಚು ಕಾಣಬೇಕು. ಪರದೆ ನೋಡಿ ಹೊರಟುಹೋಗುವ ಹಾಗಿದ್ದರೆ ಮನೆಯ ಮೊಬೈಲೇ ಸಾಕಲ್ವಾ?

ನಮ್ಮ ಜನರ ರೂಢಿಯನ್ನು ಯಂತ್ರ ಮಾರುವವರು ತಿಳಿದಿರುವುದಿಲ್ಲ, ನಾವೇ ಹೇಳಬೇಕು. ಮಾಲ್‌ಗಳಲ್ಲಿ ನೆಲದ ಮೇಲೆ ಚಿತ್ರ ಬೀಳಿಸಿ ಮಕ್ಕಳು ತುಳಿದು ಆಡುವ ಆಟ ಇದೆ. ಅದೇ ರೀತಿ ಶಾಸನವನ್ನೋ ದೇವರ ಮೂರ್ತಿಯನ್ನೋ ನೆಲಕ್ಕೆ ಬೀಳಿಸಿದರೆ ಇಲ್ಲಿ ನಡೆಯುವುದಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ಬದಲಿಗೆ ನಮ್ಮಲ್ಲಿ ಎಷ್ಟು ಸನ್ನೆಗಳಿವೆ: ಬೊಗಸೆ ಒಡ್ಡುವುದು, ಬೀಸುಕಲ್ಲು ತಿರುಗಿಸುವುದು, ಕೇರುವುದು, ಸೇದುವುದು. ಕೋಟೆಯಲ್ಲಿ ಸಿಡಿಮದ್ದು ಅರೆಯುತ್ತಿದ್ದವೆಂದು ತೋರಿಸುವ ದೊಡ್ಡ ಬೀಸುವ ಕಲ್ಲುಗಳಿವೆ. ಅವು ತಿರುಗುತ್ತಿದ್ದ ಬಗೆಯನ್ನು ಕೈ ಸುತ್ತಿಸಿಯೇ ತೋರಿಸಬಹುದು. ದೆಹಲಿಯ ಗಾಂಧಿ ಸ್ಮೃತಿಯಲ್ಲಿ 2005ರಲ್ಲಿ ರಂಜಿತ್ ಮಕ್ಕುನಿ ತಂಡ ರೂಪಿಸಿದ ‘ಎಟರ್ನಲ್ ಗಾಂಧಿ’ ಈ ದಾರಿಯಲ್ಲಿ ಮುಂಚೆಯೇ ನಡೆದಿದೆ. ಅಲ್ಲಿ ಚರಕ ತಿರುಗಿಸುವುದು, ಕೈ ಕೈ ಹಿಡಿದು ಸಾಲಾಗಿ ನಿಲ್ಲುವುದು ಇವೇ ಯಂತ್ರದ ಗುಂಡಿಗಳು. ದುರ್ಗದಲ್ಲಿ ಮಾಡುವಾಗ ಒಂದು ದಿನ ಸಂತೆಗೆ ಬಂದ ಹತ್ತಾರು ಜನರನ್ನು ನಿಲ್ಲಿಸಿ ‘ನೀರು ಬರಲಿ ಅನ್ನೋಕೆ ಕೈಯಲ್ಲಿ ಹೇಗೆ ತೋರಿಸ್ತೀರಿ?’ ಅಂತ ಕೇಳಿ ಬರೆದುಕೊಂಡರೆ ಸಾಕು. ಸನ್ನೆಗಳನ್ನು ಬಳಸುವವರಿಂದಲೇ ಪಡೆಯುವ ಈ ವಿಧಾನ ಸಂಶೋಧಕರಲ್ಲಿ ಹತ್ತು ಹದಿನೈದು ವರ್ಷಗಳಿಂದ ರೂಢಿಯಲ್ಲಿದೆ.

ಕಣ್ಣು ಕಾಣದವರಿಗೆ ಗಾಳಿಯಲ್ಲಿ ಕೈ ಆಡಿಸಿ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಮುಟ್ಟಿ ಓದಬಲ್ಲ ಅಚ್ಚು. ಶಾಸನದ ಅಚ್ಚನ್ನು ಗಾಜಿನೊಳಗೆ ಇಡದೆ ಹೊರಗಿಟ್ಟರೆ ಅದೂ ಆಯಿತು. ಗಾಲಿಕುರ್ಚಿ ಮೇಜಿನ ಕೆಳಗೆ ಹೋಗಬೇಕು, ಕ್ಯಾಮೆರಾ ಕೂತವರ ಕೈಯನ್ನೂ ಹಿಡಿಯಬೇಕು.

ಕ್ಯಾಮೆರಾ ಇದ್ದ ಮೇಲೆ ಖಾಸಗಿತನದ ಪ್ರಶ್ನೆ ಬರುತ್ತದೆ. 2023ರ ದತ್ತಾಂಶ ರಕ್ಷಣೆ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಪಡೆಯಲು ತಂದೆ-ತಾಯಿಯ ಒಪ್ಪಿಗೆ ಕೇಳುತ್ತದೆ. ದಾರಿ ಸುಲಭ: ವಿಡಿಯೊ ಎಲ್ಲೂ ಉಳಿಯಬಾರದು, ಇಂಟರ್ನೆಟ್‌ಗೆ ಹೋಗಬಾರದು. ಕೈಯ ಬಿಂದುಗಳ ಲೆಕ್ಕ ಅಲ್ಲೇ ನಡೆದು ಅಲ್ಲೇ ಅಳಿಯಬೇಕು.

ಇದೆಲ್ಲ ಆದ ಮೇಲೂ ಗೈಡ್ ಬೇಕು. ದುರ್ಗದ ಗೈಡ್‌ಗಳ ಮಾತು ಕೇಳಿದವರಿಗೆ ಗೊತ್ತು, ಕೈ ಚಾಚಿ ಆ ಬುರುಜು ಈ ಬಾಗಿಲು ತೋರಿಸುತ್ತಾ ಅವರು ಹೇಳುವ ಕತೆಯ ಮುಂದೆ ಯಾವ ಪರದೆಯೂ ನಿಲ್ಲದು. ಮರಳಿನ ಪೆಟ್ಟಿಗೆ ಮೊದಲು ಸಿಗಬೇಕಾದದ್ದು ಅವರಿಗೆ. ಕೋಟೆ ಹತ್ತುವ ಮೊದಲು ಗುಂಪನ್ನು ಅಲ್ಲಿ ನಿಲ್ಲಿಸಿ ಹತ್ತು ನಿಮಿಷ ನೀರು ಹರಿಸಿ ಕರೆದುಕೊಂಡು ಹೋದರೆ, ಮೇಲೆ ಅಕ್ಕ-ತಂಗಿ ಹೊಂಡದ ಹತ್ತಿರ ಜನ ತಾವೇ ಪ್ರಶ್ನೆ ಕೇಳುತ್ತಾರೆ. ಯಂತ್ರ ಗೆದ್ದಿತೋ ಇಲ್ಲವೋ ಅಂತ ನೋಡಬೇಕಾದದ್ದೂ ಅಲ್ಲೇ, ಎಷ್ಟು ಸೆಲ್ಫಿ ಬಂತು ಎನ್ನುವುದರಲ್ಲಿ ಅಲ್ಲ.

ಮಾಡುವವರು ದೂರ ಇಲ್ಲ. ದಾವಣಗೆರೆಯಲ್ಲಿ ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳಿವೆ, ದುರ್ಗದಲ್ಲೇ ಎಸ್‌ಜೆಎಂಐಟಿ ಇದೆ. ಅಕ್ಷರದ ಮೇಜು ಕೊನೆಯ ವರ್ಷದ ವಿದ್ಯಾರ್ಥಿಗಳು ಮಾಡಬಹುದಾದ ಪ್ರಾಜೆಕ್ಟ್. ಇತಿಹಾಸ ವಿಭಾಗದವರು ಜೊತೆಗೆ ಕೂತು ಒಂದೊಂದು ಅಕ್ಷರದ ರೂಪ ಸರಿ ಇದೆಯಾ ನೋಡಬೇಕು. ಕಷ್ಟ ಇರುವುದು ಉದ್ಘಾಟನೆ ಆದ ಮೇಲೆ. ಪ್ರೊಜೆಕ್ಟರ್ ದೀಪ ಹೋಗುತ್ತದೆ, ವಿದ್ಯುತ್ ಹೋಗಿ ಬಂದಾಗ ಕಂಪ್ಯೂಟರ್ ತಾನಾಗಿ ಶುರುವಾಗುವುದಿಲ್ಲ, ಅದನ್ನು ಹಾಕಲು ಗೊತ್ತಿದ್ದ ಸಿಬ್ಬಂದಿಗೆ ವರ್ಗವಾಗುತ್ತದೆ. ಆಮೇಲೆ ಅದರ ಮೇಲೆ ಬಟ್ಟೆ ಮುಚ್ಚಿರುತ್ತದೆ. ಆದ್ದರಿಂದ ಟೆಂಡರ್‌ನಲ್ಲೇ ಮೂರು ಶರತ್ತು ಇರಬೇಕು: ಐದು ವರ್ಷದ ನಿರ್ವಹಣೆಗೆ ದುಡ್ಡು ಮೊದಲೇ ಎತ್ತಿಡಬೇಕು, ಸಾಫ್ಟ್‌ವೇರಿನ ಮೂಲ ಕೋಡ್ ಮ್ಯೂಸಿಯಂ ಕೈಯಲ್ಲಿರಬೇಕು, ಕೆಟ್ಟ ಭಾಗ ದಾವಣಗೆರೆ ಅಥವಾ ಬೆಂಗಳೂರಿನ ಅಂಗಡಿಯಲ್ಲಿ ಸಿಗುವಂತಿರಬೇಕು. ಈ ಮೂರಕ್ಕೂ ಒಪ್ಪದವರಿಂದ ಒಂದು ವೆಬ್‌ಕ್ಯಾಮನ್ನೂ ಕೊಳ್ಳಬಾರದು.